ಜಮಖಂಡಿ ಉಪವಿಭಾಗ: ಉದ್ಯಮ, ಕೌಶಲ ಮತ್ತು ಯುವಜನರಿಗಾಗಿ ಸ್ಥಳೀಯ ಸರ್ಕಾರಗಳ ಹೂಡಿಕೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ ಉಪವಿಭಾಗಕ್ಕೆ ಸೇರಿದ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ನಗರ ಸ್ಥಳೀಯ ಸಂಸ್ಥೆಗಳು ಹಾಗೂ ಪಂಚಾಯತಿಗಳು ಸಣ್ಣ ಉದ್ಯಮ, ವೃತ್ತಿ ತರಬೇತಿ ಮತ್ತು ಯುವಜನರ ಏಳಿಗೆಗಾಗಿ ಮಾಡುವ ವೆಚ್ಚ, ನೀಡುವ ಸೌಲಭ್ಯ ಮತ್ತು ನಡೆಸುವ ಯೋಜನೆಗಳ ಒಟ್ಟು ವ್ಯವಸ್ಥೆಯೇ ಈ ಲೇಖನದ ವಿಷಯ. ಇದರಲ್ಲಿ ಸ್ಥಳೀಯ ಸಂಸ್ಥೆಗಳ ಸ್ವಂತ ಹಣ ಚಿಕ್ಕ ಪಾಲು. ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ಹಣವೇ ದೊಡ್ಡ ಪಾಲು. ಆದರೆ ಫಲಾನುಭವಿಯನ್ನು ಗುರುತಿಸುವುದು, ಅರ್ಜಿ ಪರಿಶೀಲಿಸುವುದು, ಜಾಗ ಮತ್ತು ಮಳಿಗೆ ಒದಗಿಸುವುದು ಮುಂತಾದ ಕೆಲಸಗಳು ಬಹುಮಟ್ಟಿಗೆ ಸ್ಥಳೀಯ ಮಟ್ಟದಲ್ಲೇ ನಡೆಯುತ್ತವೆ. ನೇಕಾರಿಕೆ, ಕಬ್ಬು ಮತ್ತು ಸಕ್ಕರೆ, ಬೆಲ್ಲ ಹಾಗೂ ಸಿಮೆಂಟ್ ಈ ಭಾಗದ ಮುಖ್ಯ ಉದ್ಯಮಗಳಾದ್ದರಿಂದ ಹೂಡಿಕೆಯ ಸ್ವರೂಪವೂ ಅವನ್ನು ಅನುಸರಿಸಿದೆ.

ಪರಿಭಾಷೆ

ಈ ಲೇಖನದಲ್ಲಿ ‘ಸ್ಥಳೀಯ ಸರ್ಕಾರ’ ಎಂದರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ, ತಾಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿ. ‘ಸ್ವಂತ ಸಂಪನ್ಮೂಲ’ ಎಂದರೆ ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಸಂತೆ ಶುಲ್ಕ, ಉದ್ದಿಮೆ ಪರವಾನಗಿ ಶುಲ್ಕ ಮುಂತಾಗಿ ಸ್ಥಳೀಯ ಸಂಸ್ಥೆ ತಾನೇ ವಸೂಲು ಮಾಡುವ ಆದಾಯ. ‘ಉದ್ಯಮ ಬೆಂಬಲ’ ಎಂಬುದು ಸಾಲ, ಸಹಾಯಧನ, ಬಡ್ಡಿ ರಿಯಾಯಿತಿ, ಉಪಕರಣ, ಮಳಿಗೆ, ವಿದ್ಯುತ್ ರಿಯಾಯಿತಿ ಮತ್ತು ಮಾರಾಟದ ನೆರವುಗಳನ್ನು ಒಳಗೊಳ್ಳುತ್ತದೆ.

ಪ್ರದೇಶ ಮತ್ತು ಆರ್ಥಿಕ ಹಿನ್ನೆಲೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಾವರಿ ಈ ತಾಲೂಕುಗಳ ಬೇಸಾಯಕ್ಕೆ ಆಧಾರ. ಕಬ್ಬು ಪ್ರಧಾನ ಬೆಳೆ. ಅರಿಸಿನ, ಗೋವಿನಜೋಳ, ದ್ರಾಕ್ಷಿ ಮತ್ತು ದಾಳಿಂಬೆಗಳನ್ನೂ ಬೆಳೆಯುತ್ತಾರೆ. ಬಾಗಲಕೋಟೆ ಜಿಲ್ಲೆ 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟಾಗ ಜಮಖಂಡಿ, ಮುಧೋಳ ಮತ್ತು ಬೀಳಗಿ ಅದರ ಆರು ತಾಲೂಕುಗಳಲ್ಲಿ ಸೇರಿದ್ದವು. ರಬಕವಿ-ಬನಹಟ್ಟಿ 2017–18ರ ಸುಮಾರಿಗೆ ಜಮಖಂಡಿಯಿಂದ ಬೇರೆಯಾಗಿ ಹೊಸ ತಾಲೂಕಾಯಿತು. ತೇರದಾಳವನ್ನೂ ಆಮೇಲೆ ಪ್ರತ್ಯೇಕ ತಾಲೂಕೆಂದು ಘೋಷಿಸಲಾಯಿತು; ಇಲ್ಲಿ ಅದನ್ನು ಬೇರೆಯಾಗಿ ಎಣಿಸಿಲ್ಲ.

2011ರ ಜನಗಣತಿಯಂತೆ ರಬಕವಿ-ಬನಹಟ್ಟಿ ನಗರದ ಜನಸಂಖ್ಯೆ ಸುಮಾರು 77 ಸಾವಿರ, ಜಮಖಂಡಿಯದು ಸುಮಾರು 69 ಸಾವಿರ, ಮುಧೋಳದ್ದು ಸುಮಾರು 52 ಸಾವಿರ. ಬೀಳಗಿ ಇವುಗಳಿಗಿಂತ ಬಹಳ ಚಿಕ್ಕ ಪಟ್ಟಣ. ಜನಸಂಖ್ಯೆಯ ಈ ಅಂತರ ಆಸ್ತಿ ತೆರಿಗೆ ಮತ್ತು ಮಳಿಗೆ ಬಾಡಿಗೆಯ ಆದಾಯದಲ್ಲೂ ಕಾಣುತ್ತದೆ. ಹೀಗಾಗಿ ಉದ್ಯಮ ಮತ್ತು ತರಬೇತಿಗೆ ಸ್ವಂತವಾಗಿ ಖರ್ಚು ಮಾಡುವ ಶಕ್ತಿ ಊರಿಂದೂರಿಗೆ ಬೇರೆ ಬೇರೆಯಾಗಿದೆ.

ಉಗಮ ಮತ್ತು ಬೆಳವಣಿಗೆ

ಸಂಸ್ಥಾನಗಳ ಕಾಲ: ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದರು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ರಬಕವಿ ಸಾಂಗಲಿ ಸಂಸ್ಥಾನದಲ್ಲಿತ್ತು. ಶಾಲೆ, ಪೇಟೆ ಮತ್ತು ಕಸುಬುಗಳಿಗೆ ಆಶ್ರಯ ಸಿಗುತ್ತಿದ್ದುದು ಆಯಾ ಅರಮನೆಯಿಂದ. 1948ರಲ್ಲಿ ಈ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು.

ಸಹಕಾರ ಮತ್ತು ನಿಗಮಗಳ ಕಾಲ: ಸ್ವಾತಂತ್ರ್ಯಾನಂತರ ನೇಕಾರರ ಸಹಕಾರ ಸಂಘಗಳು, ಪತ್ತಿನ ಸಂಘಗಳು ಮತ್ತು ಸಹಕಾರಿ ಬ್ಯಾಂಕುಗಳು ಬಂಡವಾಳದ ಮುಖ್ಯ ಮೂಲಗಳಾದವು. ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ 1959ರಲ್ಲಿಯೂ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ 1975ರಲ್ಲಿಯೂ ಸ್ಥಾಪನೆಯಾದವು. ಜಿಲ್ಲಾ ಕೈಗಾರಿಕಾ ಕೇಂದ್ರಗಳ ಕಾರ್ಯಕ್ರಮ ದೇಶದಲ್ಲಿ 1978ರಲ್ಲಿ ಶುರುವಾಯಿತು. ಗ್ರಾಮೀಣ ಯುವಕರಿಗೆ ಸ್ವಯಂ ಉದ್ಯೋಗದ ತರಬೇತಿ ನೀಡುವ ಟ್ರೈಸೆಮ್ ಯೋಜನೆ 1979ರಲ್ಲಿ ಬಂತು.

ಜನರೇ ಹಣ ಹೂಡಿದ ನಿದರ್ಶನವೂ ಈ ಭಾಗದಲ್ಲಿದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರು ವಂತಿಗೆ ಮತ್ತು ಶ್ರಮದಾನದಿಂದ 1989ರಲ್ಲಿ ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡ ಮುಂದಾಳುವಾಗಿದ್ದ ಈ ಕೆಲಸದಿಂದ ನದಿ ದಂಡೆಯ ಊರುಗಳಲ್ಲಿ ನೀರಾವರಿ ಬೆಳೆಯಿತು. ಬ್ಯಾರೇಜು ‘ಶ್ರಮಬಿಂದು ಸಾಗರ’ ಎಂದು ಹೆಸರಾಯಿತು.

ವಿಕೇಂದ್ರೀಕರಣದ ಕಾಲ: ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಅದೇ ವರ್ಷ ಪ್ರಧಾನಮಂತ್ರಿ ರೋಜಗಾರ್ ಯೋಜನೆ ಆರಂಭವಾಯಿತು. ನಗರದ ಬಡವರಿಗಾಗಿ ಸ್ವರ್ಣಜಯಂತಿ ಶಹರಿ ರೋಜಗಾರ್ ಯೋಜನೆ 1997ರಲ್ಲಿಯೂ ಗ್ರಾಮೀಣ ಸ್ವಸಹಾಯ ಗುಂಪುಗಳಿಗಾಗಿ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆ 1999ರಲ್ಲಿಯೂ ಬಂದವು. 2000–01ರಲ್ಲಿ ರಾಜ್ಯದ ‘ಸ್ತ್ರೀ ಶಕ್ತಿ’ ಕಾರ್ಯಕ್ರಮ ಮಹಿಳಾ ಗುಂಪುಗಳನ್ನು ಊರೂರಿಗೆ ತಲುಪಿಸಿತು. ಪುರಸಭೆ ಮತ್ತು ಪಂಚಾಯಿತಿಗಳು ಸ್ವಯಂ ಉದ್ಯೋಗದ ಅರ್ಜಿಗಳನ್ನು ನಿಯಮಿತವಾಗಿ ನಿರ್ವಹಿಸುವ ಪದ್ಧತಿ ಈ ಅವಧಿಯಲ್ಲಿ ನೆಲೆಗೊಂಡಿತು.

ಕೌಶಲ ಯೋಜನೆಗಳ ಕಾಲ: ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಲ್ಲಿ ಪ್ರಾರಂಭವಾಯಿತು. ಕರ್ನಾಟಕವು 2016ರಲ್ಲಿ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯನ್ನು ರಚಿಸಿ, 2017ರ ಮೇ 15ರಂದು ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆಗೆ ಚಾಲನೆ ನೀಡಿತು.

ಕಾನೂನಿನ ಆಧಾರ

ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೇಳುತ್ತದೆ. ಸಣ್ಣ ಕೈಗಾರಿಕೆ, ಖಾದಿ ಮತ್ತು ಗ್ರಾಮೋದ್ಯೋಗ, ಬಡತನ ನಿವಾರಣೆ, ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ, ಗ್ರಂಥಾಲಯ ಇವೆಲ್ಲ ಅದರಲ್ಲಿವೆ. ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿ ಯೋಜನೆ ಹಾಗೂ ನಗರ ಬಡತನ ನಿವಾರಣೆ ಸೇರಿವೆ. ಸಣ್ಣ ಕೈಗಾರಿಕೆ ಮತ್ತು ವೃತ್ತಿ ಶಿಕ್ಷಣಗಳ ಹೆಸರು ನಗರ ಸಂಸ್ಥೆಗಳ ಪಟ್ಟಿಯಲ್ಲಿಲ್ಲ. ಆದ್ದರಿಂದ ಪಟ್ಟಣಗಳಲ್ಲಿ ಈ ಕೆಲಸ ಬಡತನ ನಿವಾರಣೆಯ ಬಾಬತ್ತಿನಲ್ಲಿ ನಡೆಯುತ್ತದೆ.

ರಾಜ್ಯದಲ್ಲಿ ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯೂ ಪಂಚಾಯತಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯೂ ಅನ್ವಯಿಸುತ್ತವೆ. ಬೀದಿ ಬದಿ ವ್ಯಾಪಾರಿಗಳ ರಕ್ಷಣೆಗಾಗಿ 2014ರ ಕೇಂದ್ರ ಕಾಯ್ದೆ ಇದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿ ರಚಿಸಿ, ವ್ಯಾಪಾರಿಗಳ ಸಮೀಕ್ಷೆ ನಡೆಸಿ, ಗುರುತಿನ ಚೀಟಿ ಕೊಟ್ಟು, ವ್ಯಾಪಾರ ವಲಯ ಗುರುತಿಸುವುದು ಸ್ಥಳೀಯ ಸಂಸ್ಥೆಯ ಹೊಣೆ.

ಆಡಳಿತ ರಚನೆ

ಜಮಖಂಡಿ, ರಬಕವಿ-ಬನಹಟ್ಟಿ ಮತ್ತು ಮುಧೋಳಗಳಲ್ಲಿ ನಗರಸಭೆಗಳಿವೆ. ಮಹಾಲಿಂಗಪುರ ಮತ್ತು ತೇರದಾಳಗಳಲ್ಲಿ ಪುರಸಭೆಗಳಿವೆ. ಬೀಳಗಿಯಲ್ಲಿ ಪಟ್ಟಣ ಪಂಚಾಯಿತಿ ಇದೆ. ಉಪವಿಭಾಗಾಧಿಕಾರಿಯ ಕಚೇರಿ ಜಮಖಂಡಿಯಲ್ಲಿದೆ. ಜಿಲ್ಲಾ ಪಂಚಾಯಿತಿ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರಗಳು ಬಾಗಲಕೋಟೆಯಲ್ಲಿವೆ. ಪಟ್ಟಣಗಳ ಸ್ವಯಂ ಉದ್ಯೋಗ ಯೋಜನೆಗಳನ್ನು ಸ್ಥಳೀಯ ಸಂಸ್ಥೆಯ ಸಮುದಾಯ ಸಂಘಟಕರು ನೋಡಿಕೊಳ್ಳುತ್ತಾರೆ. ಹಳ್ಳಿಗಳಲ್ಲಿ ‘ಸಂಜೀವಿನಿ’ ಎಂಬ ಹೆಸರಿನ ರಾಜ್ಯ ಗ್ರಾಮೀಣ ಜೀವನೋಪಾಯ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳ ಮೂಲಕ ನಡೆಯುತ್ತದೆ. ವಿವಿಧ ಅಭಿವೃದ್ಧಿ ನಿಗಮಗಳ ಸಾಲ ಯೋಜನೆಗಳಿಗೆ ಶಾಸಕರ ಅಧ್ಯಕ್ಷತೆಯ ಆಯ್ಕೆ ಸಮಿತಿ ಫಲಾನುಭವಿಗಳನ್ನು ಆರಿಸುತ್ತದೆ.

ಹಣದ ಮೂಲಗಳು

ಮೀಸಲು ಪಾಲು: ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ನಿಗದಿತ ಅನುದಾನ ಮತ್ತು ಸ್ವಂತ ಆದಾಯದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 24.10, ಇತರ ಬಡವರಿಗೆ ಶೇ. 7.25 ಹಾಗೂ ಅಂಗವಿಕಲರಿಗೆ ಶೇ. 5ರಷ್ಟು ತೆಗೆದಿಡಬೇಕು. ಈ ಮೊತ್ತವನ್ನು ಸಾಮುದಾಯಿಕ ಕಾಮಗಾರಿಗಳಿಗೂ ವೈಯಕ್ತಿಕ ಸೌಲಭ್ಯಗಳಿಗೂ ಬಳಸುತ್ತಾರೆ. ಹೊಲಿಗೆ ಯಂತ್ರ, ತ್ರಿಚಕ್ರ ವಾಹನ, ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್, ಶುಲ್ಕ ಮರುಪಾವತಿ ಮತ್ತು ವೃತ್ತಿ ತರಬೇತಿ ವೈಯಕ್ತಿಕ ಸೌಲಭ್ಯಗಳ ಸಾಮಾನ್ಯ ರೂಪಗಳು. ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದಲ್ಲಿ ಶೇ. 25ನ್ನು ಪರಿಶಿಷ್ಟರಿಗೂ ಶೇ. 5ನ್ನು ಅಂಗವಿಕಲರಿಗೂ ಮೀಸಲಿಡುತ್ತವೆ. ಕೌಶಲ ಮತ್ತು ಸ್ವಯಂ ಉದ್ಯೋಗಕ್ಕೆ ಸ್ಥಳೀಯ ಸಂಸ್ಥೆಯೇ ನೇರವಾಗಿ ಖರ್ಚು ಮಾಡುವ ಹಣದ ಖಚಿತ ಮೂಲವೆಂದರೆ ಈ ಮೀಸಲು ಪಾಲು.

ಗ್ರಂಥಾಲಯ ಕರ: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲು ಮಾಡುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಜನರು ಸಾರ್ವಜನಿಕ ಗ್ರಂಥಾಲಯಗಳ ಮುಖ್ಯ ಬಳಕೆದಾರರು.

ಅನುದಾನಗಳು: ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯ ಹಣಕಾಸು ಆಯೋಗದ ಅನುದಾನ ಮತ್ತು ನಗರೋತ್ಥಾನ ಯೋಜನೆಯ ಹಣ ಬಹುಪಾಲು ರಸ್ತೆ, ನೀರು, ಒಳಚರಂಡಿಗೆ ಹೋಗುತ್ತವೆ. ಉದ್ಯಮಕ್ಕೆ ಇವುಗಳ ಪ್ರಯೋಜನ ಪರೋಕ್ಷ. ಕಾಮಗಾರಿ ಗುತ್ತಿಗೆಗಳಲ್ಲಿ ನಿಗದಿತ ಮೊತ್ತದವರೆಗೆ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲಾತಿ ಇರುವುದರಿಂದ ಸಣ್ಣ ಗುತ್ತಿಗೆದಾರರಿಗೆ ಅವಕಾಶ ದೊರೆಯುತ್ತದೆ.

ಪ್ರಕಾರಗಳು

1. ಮಾರುಕಟ್ಟೆ ಮತ್ತು ಮಳಿಗೆ

ವಾಣಿಜ್ಯ ಮಳಿಗೆ ಕಟ್ಟಿ ಹರಾಜಿನ ಮೂಲಕ ಬಾಡಿಗೆಗೆ ಕೊಡುವುದು ಸ್ಥಳೀಯ ಸಂಸ್ಥೆಗಳ ಹಳೆಯ ಉದ್ಯಮ ಬೆಂಬಲ. ವಾರದ ಸಂತೆ, ಕಾಯಿಪಲ್ಲೆ ಮಾರುಕಟ್ಟೆ ಮತ್ತು ದನದ ಸಂತೆಗಳ ಜಾಗವನ್ನೂ ಅವೇ ನಿರ್ವಹಿಸುತ್ತವೆ. ಮಹಾಲಿಂಗಪುರದ ಬೆಲ್ಲದ ಪೇಟೆ ಉತ್ತರ ಕರ್ನಾಟಕದಲ್ಲಿ ಹೆಸರಾದದ್ದು. ಅಲ್ಲಿ ವಹಿವಾಟು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಅಡಿಯಲ್ಲಿ ನಡೆಯುತ್ತದೆ.

ಬೀದಿ ಬದಿ ವ್ಯಾಪಾರಿಗಳಿಗಾಗಿ ಪಿಎಂ ಸ್ವನಿಧಿ ಯೋಜನೆ 2020ರ ಜೂನ್‌ನಲ್ಲಿ ಬಂತು. ಆರಂಭದಲ್ಲಿ ಸಾಲದ ಹಂತಗಳು 10 ಸಾವಿರ, 20 ಸಾವಿರ ಮತ್ತು 50 ಸಾವಿರ ರೂಪಾಯಿ ಆಗಿದ್ದವು. 2025ರಲ್ಲಿ ಮೊದಲೆರಡು ಹಂತಗಳನ್ನು 15 ಸಾವಿರ ಮತ್ತು 25 ಸಾವಿರಕ್ಕೆ ಏರಿಸಲಾಯಿತು. ಅರ್ಜಿದಾರ ನಿಜವಾದ ವ್ಯಾಪಾರಿ ಎಂಬ ಪ್ರಮಾಣಪತ್ರ ಅಥವಾ ಶಿಫಾರಸು ಪತ್ರವನ್ನು ಸ್ಥಳೀಯ ಸಂಸ್ಥೆ ನೀಡುತ್ತದೆ.

2. ಸಾಲ ಮತ್ತು ಸಹಾಯಧನ

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಲ್ಲಿ ಹಿಂದಿನ ಎರಡು ಯೋಜನೆಗಳನ್ನು ಕೂಡಿಸಿ ರೂಪುಗೊಂಡಿತು. ಅದರ ಯೋಜನಾ ವೆಚ್ಚದ ಮಿತಿ 2022ರಿಂದ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿ. ಸಹಾಯಧನ ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25, ವಿಶೇಷ ವರ್ಗಗಳಿಗೆ ನಗರದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35. ರಾಜ್ಯದ ಮುಖ್ಯಮಂತ್ರಿಗಳ ಸ್ವಯಂ ಉದ್ಯೋಗ ಯೋಜನೆಯೂ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ನಡೆಯುತ್ತದೆ. ಮಹಿಳೆಯರಿಗಾಗಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ ಯೋಜನೆ ಇದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಬಡಿಗತನ, ಕಮ್ಮಾರಿಕೆ, ಕುಂಬಾರಿಕೆ, ಚಮ್ಮಾರಿಕೆ, ಹೊಲಿಗೆ, ಕ್ಷೌರ ಮುಂತಾದ 18 ಕಸುಬುಗಳನ್ನು ಒಳಗೊಂಡಿದೆ. ತರಬೇತಿ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, 15 ಸಾವಿರ ರೂಪಾಯಿವರೆಗಿನ ಉಪಕರಣ ನೆರವು, ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಯ ಸಾಲ ಇದರ ಅಂಗಗಳು. ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯಲ್ಲಿ ನಡೆಯುತ್ತದೆ. ಮಗ್ಗದ ನೇಕಾರಿಕೆ ಈ 18 ಕಸುಬುಗಳಲ್ಲಿಲ್ಲ. ನೇಕಾರರಿಗೆ ಜವಳಿ ಇಲಾಖೆಯ ಯೋಜನೆಗಳು ಬೇರೆ ಇವೆ.

3. ನೇಕಾರಿಕೆಗೆ ಬೆಂಬಲ

ರಬಕವಿ, ಬನಹಟ್ಟಿ, ಮಹಾಲಿಂಗಪುರ ಮತ್ತು ತೇರದಾಳ ಕೈಮಗ್ಗ ಹಾಗೂ ವಿದ್ಯುತ್ ಮಗ್ಗಗಳ ನೆಲೆ. ಹತ್ತಿಯ ಸೀರೆ ಇಲ್ಲಿನ ಮುಖ್ಯ ಉತ್ಪನ್ನ. ಕರ್ನಾಟಕದ ಜೊತೆಗೆ ಮಹಾರಾಷ್ಟ್ರವೂ ಅದಕ್ಕೆ ಮಾರುಕಟ್ಟೆ. ಮಗ್ಗದ ಮಾಲೀಕರು, ಸಹಕಾರ ಸಂಘದ ಸದಸ್ಯರು ಮತ್ತು ಮಜೂರಿಗೆ ನೇಯುವವರು ಎಂಬ ಮೂರು ವರ್ಗಗಳಿವೆ. ಹಾಸು ಹೂಡುವುದು, ಕಂಡಿಕೆ ಸುತ್ತುವುದು, ಬಣ್ಣ ಹಾಕುವುದು ಮುಂತಾದ ಪೂರಕ ಕೆಲಸಗಳಲ್ಲಿ ಮನೆಯ ಹೆಂಗಸರೂ ತೊಡಗುತ್ತಾರೆ. ಯಾವ ಸೌಲಭ್ಯ ಯಾರಿಗೆ ಎಂಬುದನ್ನು ಈ ವರ್ಗೀಕರಣ ನಿರ್ಧರಿಸುತ್ತದೆ: ವಿದ್ಯುತ್ ರಿಯಾಯಿತಿ ಮತ್ತು ಮಗ್ಗ ಖರೀದಿಯ ಸಹಾಯಧನ ಮಾಲೀಕನಿಗೆ ಸಿಗುತ್ತವೆ, ನೇರ ನಗದು ನೆರವು ಮತ್ತು ಮಕ್ಕಳ ವಿದ್ಯಾರ್ಥಿವೇತನ ಮಜೂರಿ ನೇಕಾರನಿಗೂ ತಲುಪಬಲ್ಲವು.

ಮುಖ್ಯ ಕ್ರಮಗಳು ಇವು. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಕಾಯ್ದಿರಿಸಿದೆ. ಕೈಮಗ್ಗ ಅಭಿವೃದ್ಧಿ ನಿಗಮ ನೇಕಾರರಿಗೆ ನೂಲು ಕೊಟ್ಟು, ನೇಯ್ದ ಬಟ್ಟೆ ಪಡೆದು, ಮಜೂರಿ ನೀಡುತ್ತದೆ. ವಿದ್ಯಾ ವಿಕಾಸ ಯೋಜನೆಯ ಶಾಲಾ ಸಮವಸ್ತ್ರದ ಬಟ್ಟೆ ಅದರ ದೊಡ್ಡ ಬೇಡಿಕೆಗಳಲ್ಲೊಂದು. ‘ನೇಕಾರ ಸಮ್ಮಾನ್’ ಯೋಜನೆ 2020ರಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2 ಸಾವಿರ ರೂಪಾಯಿಯಂತೆ ಆರಂಭವಾಗಿ, 2022ರಲ್ಲಿ 5 ಸಾವಿರಕ್ಕೆ ಏರಿತು. ಕೊರೊನಾ ಕಾಲದಲ್ಲಿ, 2021ರಲ್ಲಿ, ವಿದ್ಯುತ್ ಮಗ್ಗದ ಕಾರ್ಮಿಕರಿಗೆ ತಲಾ 3 ಸಾವಿರ ರೂಪಾಯಿ ಪರಿಹಾರ ಪ್ರಕಟವಾಯಿತು. ಈ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂ ವ್ಯಾಪ್ತಿಯ ವಿದ್ಯುತ್ ಮಗ್ಗಗಳಿಗೆ 20 ಅಶ್ವಶಕ್ತಿವರೆಗೆ ಯೂನಿಟ್‌ಗೆ 1.25 ರೂಪಾಯಿ ದರವಿತ್ತು. 2023–24ರ ಬಜೆಟ್‌ನಲ್ಲಿ 10 ಅಶ್ವಶಕ್ತಿವರೆಗಿನ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಘೋಷಣೆಯಾಯಿತು.

4. ಆಹಾರ ಸಂಸ್ಕರಣೆ

ಬೆಲ್ಲದ ಗಾಣ, ಅರಿಸಿನ ಪುಡಿ, ರೊಟ್ಟಿ-ಚಟ್ನಿ ತಯಾರಿಕೆ ಮುಂತಾದ ಕಿರು ಘಟಕಗಳಿಗೆ 2020ರಲ್ಲಿ ಬಂದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆ ಅನ್ವಯಿಸುತ್ತದೆ. ಕೇಂದ್ರದ ಸಹಾಯಧನ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ. ಕರ್ನಾಟಕ ಸರ್ಕಾರ ಶೇ. 15ರಷ್ಟು ಹೆಚ್ಚುವರಿ ಸೇರಿಸುವುದರಿಂದ ಒಟ್ಟು ಶೇ. 50 ಆಗುತ್ತದೆ. ಸಂಜೀವಿನಿ ಒಕ್ಕೂಟದ ಸ್ವಸಹಾಯ ಗುಂಪುಗಳ ಸದಸ್ಯರಿಗೆ ಬೀಜಧನವೂ ಇದೆ.

5. ಕೌಶಲ ತರಬೇತಿ

ಕೈಗಾರಿಕಾ ತರಬೇತಿ ಸಂಸ್ಥೆಗಳು ದೀರ್ಘಾವಧಿ ತರಬೇತಿಯ ತಳಹದಿ. ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಮುಂತಾದ ವೃತ್ತಿಗಳು ಸಕ್ಕರೆ ಮತ್ತು ಸಿಮೆಂಟ್ ಕಾರ್ಖಾನೆಗಳ ಅಗತ್ಯಕ್ಕೆ ನೇರವಾಗಿ ಹೊಂದುತ್ತವೆ. 1961ರ ಶಿಶಿಕ್ಷು (ಅಪ್ರೆಂಟಿಸ್) ಕಾಯ್ದೆಯಡಿ ಕಾರ್ಖಾನೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ರಾಜ್ಯ ಸರ್ಕಾರ 2022ರಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದ ‘ಉದ್ಯೋಗ’ ಯೋಜನೆಯಡಿ 150 ಸರ್ಕಾರಿ ತರಬೇತಿ ಸಂಸ್ಥೆಗಳನ್ನು ಮೇಲ್ದರ್ಜೆಗೇರಿಸಿತು.

ಅಲ್ಪಾವಧಿ ತರಬೇತಿಗೆ ಕೌಶಲ್ಯ ಕರ್ನಾಟಕ ಯೋಜನೆಯೂ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳೂ ಇವೆ. ಜಿಲ್ಲೆಗೊಂದರಂತೆ ಸ್ಥಾಪನೆಯಾದ ಈ ಸಂಸ್ಥೆಗಳಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿ. ಊಟ, ವಸತಿ ಸಹಿತ ಉಚಿತ ತರಬೇತಿ ಇವುಗಳ ವೈಶಿಷ್ಟ್ಯ.

6. ಯುವಜನರಿಗೆ ನೆರವು

ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯಗಳಿಗೆ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಲೆಕ್ಕಶೀರ್ಷಿಕೆಯಲ್ಲಿ ಹಣ ಬರುತ್ತದೆ. ಹಳ್ಳಿಯಿಂದ ಜಮಖಂಡಿ, ಮುಧೋಳಗಳ ಕಾಲೇಜಿಗೆ ಬರುವವರಿಗೆ ಇವು ಆಸರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರ ನಂತರ ಗ್ರಾಮೀಣಾಭಿವೃದ್ಧಿ ಇಲಾಖೆಯ ಅಡಿಗೆ ಬಂದು ‘ಅರಿವು ಕೇಂದ್ರ’ಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಮತ್ತು ಅಂತರ್ಜಾಲ ಸೌಲಭ್ಯವಿದೆ. 2021ರಲ್ಲಿ ರೈತರ ಮಕ್ಕಳಿಗಾಗಿ ಬಂದ ‘ರೈತ ವಿದ್ಯಾನಿಧಿ’ ವಿದ್ಯಾರ್ಥಿವೇತನವನ್ನು 2022ರಲ್ಲಿ ನೇಕಾರರ ಮಕ್ಕಳಿಗೂ ವಿಸ್ತರಿಸಲಾಯಿತು. ಪಿಯುಸಿಯಿಂದ ಸ್ನಾತಕೋತ್ತರದವರೆಗೆ ಅದರ ಮೊತ್ತ ವರ್ಷಕ್ಕೆ 2,500ರಿಂದ 11,000 ರೂಪಾಯಿ. ‘ಯುವನಿಧಿ’ ಯೋಜನೆಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ದೊರೆಯಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ನೀಡಲಾಗುತ್ತದೆ.

ತಾಲೂಕುವಾರು ಲಕ್ಷಣಗಳು

ಜಮಖಂಡಿ: ಉಪವಿಭಾಗದ ಶಿಕ್ಷಣ ಮತ್ತು ವ್ಯಾಪಾರ ಕೇಂದ್ರ. ಹಿರೇಪಡಸಲಗಿ ಮತ್ತು ಸಿದ್ದಾಪುರಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಇಲ್ಲಿ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು.

ಮುಧೋಳ: ಸಕ್ಕರೆ ಮತ್ತು ಸಿಮೆಂಟ್ ಕಾರ್ಖಾನೆಗಳ ತಾಲೂಕು. ಮುದ್ದಾಪುರದಲ್ಲಿ ಸಿಮೆಂಟ್ ಘಟಕವಿದೆ. ತಿಮ್ಮಾಪುರದ ರನ್ನನಗರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ತಿಮ್ಮಾಪುರದಲ್ಲೇ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದ್ದು, ಮುಧೋಳ ನಾಯಿ ತಳಿಯ ಸಂರಕ್ಷಣೆಯ ಜೊತೆಗೆ ಸಾಕಣೆದಾರರಿಗೆ ಮಾರ್ಗದರ್ಶನ ನೀಡುತ್ತದೆ. ತಳಿ ಸಾಕಣೆ ಅನೇಕ ಕುಟುಂಬಗಳಿಗೆ ಉಪವೃತ್ತಿ.

ಬೀಳಗಿ: ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಜಮೀನು ಮತ್ತು ಊರು ಕಳೆದುಕೊಂಡ ತಾಲೂಕು. ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಜೀವನೋಪಾಯ ಕಲ್ಪಿಸುವುದು ಇಲ್ಲಿನ ಪ್ರಮುಖ ಅಗತ್ಯ. ಯೋಜನಾ ನಿರಾಶ್ರಿತರಿಗೆ ರಾಜ್ಯದ ಗ್ರೂಪ್ ‘ಸಿ’ ಮತ್ತು ‘ಡಿ’ ಹುದ್ದೆಗಳಲ್ಲಿ ಇರುವ ಶೇ. 5ರ ಸಮತಲ ಮೀಸಲಾತಿ ಇಲ್ಲಿನ ಯುವಜನರಿಗೆ ಮುಖ್ಯ. ಬಾಡಗಂಡಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ.

ರಬಕವಿ-ಬನಹಟ್ಟಿ: ರಬಕವಿ, ಬನಹಟ್ಟಿ, ರಾಮಪುರ ಮತ್ತು ಹೊಸೂರು ಸೇರಿದ ನಗರಸಭೆ. ಜವಳಿ ಇಲ್ಲಿನ ಜೀವಾಳ. ಸಮೀರವಾಡಿಯ ಸಕ್ಕರೆ ಮತ್ತು ಎಥನಾಲ್ ಘಟಕ ಈ ಭಾಗದ ದೊಡ್ಡ ಉದ್ಯೋಗದಾತ.

ಬಳಕೆಯ ಕ್ರಮ

ಪಟ್ಟಣದ ಅರ್ಜಿದಾರ ಮೀಸಲು ಪಾಲಿನ ಸೌಲಭ್ಯಕ್ಕೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಹೊರಡಿಸುವ ಪ್ರಕಟಣೆಯ ಅವಧಿಯಲ್ಲಿ ಅರ್ಜಿ ಕೊಡಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ವಿದ್ಯಾರ್ಹತೆಯ ದಾಖಲೆ ಬೇಕಾಗುತ್ತವೆ. ಹಳ್ಳಿಯಲ್ಲಿ ಗ್ರಾಮಸಭೆ ಫಲಾನುಭವಿಗಳ ಪಟ್ಟಿಗೆ ಒಪ್ಪಿಗೆ ನೀಡುತ್ತದೆ. ಬ್ಯಾಂಕ್ ಸಾಲದೊಡನೆ ಸಹಾಯಧನ ಕೂಡಿರುವ ಯೋಜನೆಗಳಲ್ಲಿ ಇಲಾಖೆಯ ಶಿಫಾರಸಿನ ಮೇಲೂ ಕೊನೆಯ ಮಂಜೂರಾತಿ ಬ್ಯಾಂಕಿನದೇ. ಹಿಂದಿನ ಸಾಲದ ಬಾಕಿ ಮತ್ತು ಯೋಜನಾ ವರದಿಯ ಕೊರತೆ ಅರ್ಜಿ ತಿರಸ್ಕಾರಕ್ಕೆ ಸಾಮಾನ್ಯ ಕಾರಣಗಳು.

ಸದ್ಯದ ಸ್ಥಿತಿ

ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಚುನಾಯಿತ ಅವಧಿ 2021ರಲ್ಲಿ ಮುಗಿಯಿತು. ಅಲ್ಲಿಂದ ಹಲವು ವರ್ಷ ಚುನಾವಣೆ ನಡೆಯದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ನಗರ ಬಡವರ ಸ್ವಯಂ ಉದ್ಯೋಗಕ್ಕೆ ವೈಯಕ್ತಿಕವಾಗಿ 2 ಲಕ್ಷ, ಗುಂಪಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುತ್ತಿದ್ದ ದೀನದಯಾಳ್ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಅವಧಿ 2024ರಲ್ಲಿ ಕೊನೆಗೊಂಡಿತು. ಪಿಎಂ ಸ್ವನಿಧಿಯ ಸಾಲದ ಅವಧಿಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಲಾಗಿದೆ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಮಾತೃ ವಿಶ್ವವಿದ್ಯಾಲಯದೊಂದಿಗೆ ವಿಲೀನಗೊಳಿಸುವ ಪ್ರಸ್ತಾಪ 2025ರಲ್ಲಿ ಸರ್ಕಾರದ ಮುಂದೆ ಬಂದಾಗ ಬಾಗಲಕೋಟೆ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು.

ಉತ್ಪನ್ನಗಳ ಸಾಗಣೆಗೆ ಮುಖ್ಯವಾದ ಸುಮಾರು 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ರೈಲು ಮಾರ್ಗಕ್ಕೆ 2010–11ರಲ್ಲಿ ಮಂಜೂರಾತಿ ಸಿಕ್ಕಿತು. ವೆಚ್ಚದ ಅರ್ಧ ಪಾಲನ್ನೂ ಜಮೀನನ್ನೂ ರಾಜ್ಯ ಸರ್ಕಾರ ಕೊಡುತ್ತದೆ. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗಿನ ಭಾಗ ಮೊದಲು ಪೂರ್ಣಗೊಂಡಿತು. ಮುಧೋಳ, ಜಮಖಂಡಿಗಳತ್ತ ಕಾಮಗಾರಿ ಮುಂದುವರಿದಿದೆ.

ವಿಭಾಗೀಯ ದೃಷ್ಟಿಯಿಂದ ಈ ತಾಲೂಕುಗಳು ಕಿತ್ತೂರು ಕರ್ನಾಟಕಕ್ಕೆ ಸೇರಿವೆ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯ ಕಲ್ಯಾಣ ಕರ್ನಾಟಕಕ್ಕೆ ಸೀಮಿತವಾದ್ದರಿಂದ ಇಲ್ಲಿಗೆ ಅನ್ವಯಿಸುವುದಿಲ್ಲ. ಆದ ಕಾರಣ ಸ್ಥಳೀಯ ಸಂಸ್ಥೆಗಳ ಮೀಸಲು ಪಾಲು, ಜವಳಿ ಇಲಾಖೆಯ ಯೋಜನೆಗಳು, ಸಹಕಾರ ಸಂಘಗಳ ಸಾಲ ಮತ್ತು ರಾಜ್ಯ-ಕೇಂದ್ರಗಳ ಸಾಮಾನ್ಯ ಯೋಜನೆಗಳೇ ಈ ನಾಲ್ಕು ತಾಲೂಕುಗಳಲ್ಲಿ ಉದ್ಯಮ, ಕೌಶಲ ಮತ್ತು ಯುವಜನರ ಹೂಡಿಕೆಯ ಮುಖ್ಯ ಆಧಾರಗಳಾಗಿ ಉಳಿದಿವೆ.